ಮಗಳಿಗೊಂದು ಪತ್ರ: ನಿನ್ನ ಫೋಟೋಗಳನ್ನೇ ಕೇಳು

ಪ್ರೀತಿಯ ಪುಟ್ಟಿ,

"ಜನರ ಫೋಟೋ ತೆಗೀಲಾ, ಹಕ್ಕಿಗಳ ಹಿಂದೆ ಹೋಗ್ಲಾ? ಮೊದಲೇ ಒಂದು ದಾರಿ ಆರಿಸಿಕೊಳ್ಳಬೇಕಂತೆ, ಅಲ್ವಾ ಅಮ್ಮಾ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಈಗಲೇ ಏನನ್ನೂ ಆರಿಸಬೇಡ. ನಿನಗೆ ಒಗ್ಗುವುದು ಯಾವುದು ಅಂತ ಸುಮ್ನೆ ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ನೀನು ತೆಗೆದ ಫೋಟೋಗಳ ರಾಶಿಯಲ್ಲೇ ಅದು ಇರುತ್ತದೆ. ಮೊದಲು ಆ ರಾಶಿ ಬೆಳೆಯಲಿ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಇರುವ ಕ್ಯಾಮೆರಾ ಸಾಕು. ಒಂದೇ ಲೆನ್ಸ್ ಹಾಕಿಕೊಂಡು ಕೆಲವು ತಿಂಗಳು ಓಡಾಡು. ಜೂಮ್ ಇಲ್ಲದ 50 ಎಂಎಂ ಆದರೆ ಇನ್ನೂ ಒಳ್ಳೆಯದು. ಹತ್ತಿರದಿಂದ ಬೇಕೆಂದರೆ ನೀನೇ ನಡೆದು ಹೋಗಬೇಕಾಗುತ್ತದೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯರ್ ಬ್ರೆಸನ್ ಬಹುಪಾಲು ಕೆಲಸ ಮಾಡಿದ್ದು 50 ಎಂಎಂನಲ್ಲೇ.

ಮೊದಲು ಕಲಿಯಬೇಕಾದ್ದು ಬೆಳಕು. ಹಗಲು ಹೊತ್ತಿನಲ್ಲಿ ಯಾರನ್ನಾದರೂ ಕಿಟಕಿಯ ಪಕ್ಕ ಕೂರಿಸು. ಮನೆಯೊಳಗಿನ ಲೈಟ್ ಆರಿಸು. ಇಲ್ಲದಿದ್ದರೆ ಬಲ್ಬಿನ ಹಳದಿಯೂ ಹಗಲಿನ ಬೆಳಕೂ ಬೆರೆತು ಚರ್ಮದ ಬಣ್ಣ ಕೆಡುತ್ತದೆ. ಈಗ ಅವರಿಗೆ ನಿಧಾನವಾಗಿ ಮುಖ ತಿರುಗಿಸಲು ಹೇಳು. ಕಿಟಕಿಗೆ ನೇರವಾಗಿದ್ದಾಗ ಮುಖ ಚಪ್ಪಟೆಯಾಗಿ ಕಾಣುತ್ತದೆ. ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಮೂಗಿನ ನೆರಳು ಕೆನ್ನೆಗೆ ಇಳಿಯುತ್ತದೆ, ಆ ಬದಿಯ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನವೊಂದು ಉಳಿಯುತ್ತದೆ. ಇನ್ನೂ ಹೊರಳಿದರೆ ಅರ್ಧ ಮುಖ ಕತ್ತಲಿಗೆ ಸೇರುತ್ತದೆ. ಕೂತವರು ಅವರೇ, ಕಿಟಕಿ ಅದೇ, ಮೂರು ಫೋಟೋ ಮಾತ್ರ ಮೂರು ಬಗೆ. ಇದನ್ನು ಬೇರೆ ಬೇರೆ ಹೊತ್ತಿನಲ್ಲಿ, ಮೋಡ ಇದ್ದಾಗ, ಬಿಸಿಲಿದ್ದಾಗ ಮಾಡಿ ನೋಡು. ಯಾವ ಕೋರ್ಸಿಗಿಂತಲೂ ಜಾಸ್ತಿ ಇದೇ ಕಲಿಸುತ್ತದೆ ಅನ್ನುವುದು ನನ್ನ ನಂಬಿಕೆ.

ಅಂಕಿಗಳು ಆಮೇಲೆ ತಾವಾಗಿಯೇ ಕೈಗೆ ಬರುತ್ತವೆ. ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು ಅಗಲವಾಗಿ, ಅಂದರೆ ಎಫ್/1.8ಕ್ಕೆ ಇಟ್ಟರೆ ಹಿನ್ನೆಲೆ ಮಸುಕಾಗುತ್ತದೆ, ಕಿರಿದಾಗಿಸಿ ಎಫ್/8ಕ್ಕೆ ಇಟ್ಟರೆ ಹಿಂದಿನದೂ ಜಾಸ್ತಿ ಸ್ಪಷ್ಟವಾಗುತ್ತದೆ. ಓಡುವ ಮಗು ಮಸುಕಾಗದೆ ಬರಬೇಕೆಂದರೆ ಶಟರ್ ತೆರೆದಿರುವ ಹೊತ್ತು 1/500 ಸೆಕೆಂಡಾದರೂ ಇರಲಿ, ಅದಕ್ಕಿಂತ ಕಡಿಮೆಯಾದರೂ ಸರಿ. ಇನ್ನೊಂದು ಮಾತು: ಕ್ಯಾಮೆರಾ ತನ್ನ ಪಾಡಿಗೆ ಬಿಟ್ಟರೆ ಎಲ್ಲವನ್ನೂ ಕಪ್ಪು ಬಿಳುಪಿನ ನಡುವಿನ ಬೂದು ಬಣ್ಣಕ್ಕೆ ಎಳೆಯುತ್ತದೆ. ಫ್ರೇಮ್ ತುಂಬ ಬಿಳಿ ಬಟ್ಟೆಯಿದ್ದರೆ ಮಂಕಾಗಿ ಬರುವುದು ಅದಕ್ಕೇ. ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, +1 ಮಾಡಿ ನೋಡು, ಬಿಳಿ ಬಿಳಿಯಾಗಿಯೇ ಬರುತ್ತದೆ.

ಇನ್ನು ನಿನ್ನ ಪ್ರಶ್ನೆಗೆ ಬರೋಣ. ಅಮೆರಿಕದ ವಿಲ್ಸನ್ ಬೆಂಟ್ಲಿ ಎಂಬ ರೈತನ ಕಥೆ ನನಗೆ ತುಂಬ ಇಷ್ಟ. ಹುಡುಗನಾಗಿದ್ದಾಗ ಅಮ್ಮ ಅವನಿಗೊಂದು ಸೂಕ್ಷ್ಮದರ್ಶಕ ಕೊಟ್ಟರು. ಅದರಲ್ಲಿ ಹಿಮದ ಹರಳು ನೋಡಿದವನಿಗೆ ಮತ್ತೆ ಅದರ ಗುಂಗು ಬಿಡಲೇ ಇಲ್ಲ. ಮೊದಮೊದಲು ಕೈಯಲ್ಲೇ ಚಿತ್ರ ಬರೆಯುತ್ತಿದ್ದ. ಬರೆದು ಮುಗಿಯುವುದರೊಳಗೆ ಹರಳು ಕರಗಿ ಹೋಗುತ್ತಿತ್ತು. ಕ್ಯಾಮೆರಾ ಬೇಕಾದದ್ದು ಆಗ! ಅದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ 1885ರಲ್ಲಿ ಮೊದಲ ಹರಳಿನ ಫೋಟೋ ತೆಗೆದ. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥವು 5000ಕ್ಕೂ ಹೆಚ್ಚಾಗಿದ್ದವು. ಫೋಟೋಗ್ರಾಫರ್ ಆಗಬೇಕು, ಏನು ತೆಗೆಯಲಿ ಅಂತ ಅವನು ಹುಡುಕಿಕೊಂಡು ಹೋಗಲಿಲ್ಲ. ಎಷ್ಟು ನೋಡಿದರೂ ಸಾಕಾಗದ ವಸ್ತುವೊಂದು ಅವನಿಗೆ ಮೊದಲೇ ಸಿಕ್ಕಿತ್ತು.

ನಿನಗೂ ಅಂಥದ್ದೊಂದು ಇದ್ದೇ ಇರುತ್ತದೆ. ಸ್ವಲ್ಪ ಕಾಲವಾದ ಮೇಲೆ ಫೋಟೋಗಳನ್ನು ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡು. ಯಾರೂ ಹೇಳದಿದ್ದರೂ ಮತ್ತೆ ಮತ್ತೆ ತೆಗೆದದ್ದು ಏನು ನೋಡು. ದುಡಿಯುವ ಕೈಗಳಿರಬಹುದು, ಖಾಲಿ ಮೆಟ್ಟಿಲುಗಳಿರಬಹುದು. ಅದು ವಸ್ತುವೇ ಆಗಬೇಕೆಂದೂ ಇಲ್ಲ. ಎಲ್ಲವನ್ನೂ ತೀರಾ ಹತ್ತಿರದಿಂದ ನೋಡುವ ಅಭ್ಯಾಸವಿರಬಹುದು, ಇಳಿಹೊತ್ತಿನ ಬೆಳಕಿರಬಹುದು. ನಿನ್ನ ಸ್ವಭಾವವನ್ನೂ ಗಮನಿಸು. ಕೆಲವರಿಗೆ ಜನರ ಜೊತೆ ಹರಟುತ್ತಾ ಫೋಟೋ ತೆಗೆಯುವುದೇ ಖುಷಿ. ಇನ್ನು ಕೆಲವರು ಒಂದು ಕೀಟಕ್ಕಾಗಿ ಗಂಟೆಗಟ್ಟಲೆ ಅಲ್ಲಾಡದೆ ಕಾಯುತ್ತಾರೆ.

ದುಡ್ಡಿಗೆ ಮದುವೆ ಫೋಟೋ ಒಪ್ಪಿಕೊಂಡರೆ ಏನೂ ತಪ್ಪಿಲ್ಲ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುವುದನ್ನು ಅದು ಕಲಿಸುತ್ತದೆ.

ಮುಂದಿನ ಸಲ ಬರುವಾಗ ಪ್ರಿಂಟ್‌ಗಳನ್ನು ತೆಗೆದುಕೊಂಡು ಬಾ. ಲೈಕ್ ಜಾಸ್ತಿ ಬಂದವು ಬೇಡ. ಅಳಿಸಲು ಮನಸ್ಸಾಗದೆ ಉಳಿಸಿಕೊಂಡಿರುತ್ತೀಯಲ್ಲ, ಅವು ಬೇಕು. ಇಬ್ಬರೂ ಕೂತು ನೋಡೋಣ.

ನಿನ್ನ
ಅಮ್ಮ