ಮಗಳಿಗೊಂದು ಪತ್ರ: ಏಪ್ರಿಲ್ ಬಿಸಿಲಿನ ವಿಷಯ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಳು. ‘ಏಪ್ರಿಲ್‌ನಲ್ಲಿ ಮನಾಲಿ ಹತ್ತಿರದ ಸೋಲಂಗ್ ಕಣಿವೆಯ ಮೇಲೆ ಸ್ಕೀ ಕಟ್ಟಿಕೊಂಡು ಹತ್ತುತ್ತೇವೆ, ಚಳಿ ಮುಗಿದಿರುತ್ತೆ, ಬಿಸಿಲು ಚಲೋ ಇರುತ್ತೆ’ ಅಂದೆಯಲ್ಲ, ಆ ಬಿಸಿಲು ತರುವ ಹಿಮಕುಸಿತದ ಬಗ್ಗೆಯೇ ಬರೆಯಬೇಕಿತ್ತು.

ಸೈನ್ಯದಲ್ಲಿ, ಲಡಾಖಿನ ದ್ರಾಸ್‌ನಲ್ಲಿದ್ದಾಗ ಏಪ್ರಿಲ್ ಬಂತೆಂದರೆ ನಮ್ಮ ಸುಬೇದಾರ್ ಸಾಹೇಬರು ರಾತ್ರಿ ಮೂರಕ್ಕೇ ಎಬ್ಬಿಸುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಂಡು ಏಳುತ್ತಿದ್ದೆವು. ಹಗಲು ಕರಗಿದ ಹಿಮ ಆ ಹೊತ್ತಿಗೆ ಮತ್ತೆ ಹೆಪ್ಪುಗಟ್ಟಿ ಫರಸಿ ಕಲ್ಲಿನಷ್ಟು ಗಟ್ಟಿ. ಬಿಸಿಲೇರಿದಂತೆ ಮೇಲಿನ ಪದರ ನೆನೆಸಿಟ್ಟ ಸಾಬೂದಾನಿಯಂತೆ ಕಾಳುಕಾಳಾಗುತ್ತದೆ. ಸ್ಕೀಯವರು ಕಾಯುವುದು ಇದೇ ಹದಕ್ಕೆ. ಆದರೆ ಅದು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ನೀರು ಒಳಗಿಳಿದು ಕಾಳುಗಳ ಹಿಡಿತ ಬಿಡಿಸಿಬಿಡುತ್ತದೆ.

ಒಂದು ದಿನ ಚಹಾ, ಹರಟೆ ಅಂತ ಹೊರಡುವುದೇ ತಡವಾಯಿತು. ವಾಪಸು ಬರುವಾಗ ಹನ್ನೊಂದು ದಾಟಿತ್ತು. ಮೊದಲು ಲಿಂಬೆಹಣ್ಣಿನಷ್ಟು ಹಿಮದುಂಡೆಗಳು ಗೆರೆ ಎಳೆಯುತ್ತ ತಾವಾಗಿಯೇ ಉರುಳಿ ಬಂದವು. ಆಮೇಲೆ ತೆಂಗಿನಕಾಯಿಯಷ್ಟು. ಕಾಲು ಮೊಣಕಾಲಿನ ತನಕ ಹೂತುಹೋಗತೊಡಗಿತು. ಸಾಹೇಬರು ತುಟಿ ಬಿಚ್ಚದೆ ನಮ್ಮನ್ನು ಬಂಡೆಗಲ್ಲಿನ ದಿಣ್ಣೆ ಕಡೆಗೆ ತಿರುಗಿಸಿದರು. ಕಾಲು ಗಂಟೆಯಲ್ಲಿ, ನಾವು ದಾಟಬೇಕಿದ್ದ ನಾಲಾ ತುಂಬ ಹಿಮ ಇಳಿಯಿತು. ಗುಡುಗೇನಿಲ್ಲ, ಲಾರಿಯಿಂದ ಜಲ್ಲಿ ಸುರಿದ ಸದ್ದು. ನಿಂತ ಮೇಲೆ ಅದಕ್ಕೆ ಸಲಿಕೆ ಹಾಕಿದೆ. ಟಣ್ ಅಂತು, ಪುಟ್ಟಿ. ಸಿಮೆಂಟು.

ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಅಂದು ಹಾಸಿಗೆಯಲ್ಲೇ ಇರಿ. ಪೂರ್ವದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಉತ್ತರದ ನೆರಳಿನಲ್ಲಿ ಚಳಿಗಾಲದ ದುರ್ಬಲ ಪದರ ಇನ್ನೂ ಅಡಗಿರಬಹುದು. ಹೆಚ್ಚಿನ ಹಿಮಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಿಮಗೆ ಜಾರಲು ಚೆಂದ ಕಾಣುವುದೂ ಅದೇ, ಏನು ಮಾಡೋಣ! ಶಿಖರದಂಚಿನಿಂದ ಮನೆಯ ಸೂರಿನಂತೆ ಚಾಚಿದ ಹಿಮದ ಕೆಳಗೆ ಬುತ್ತಿ ಬಿಚ್ಚಬೇಡಿ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇಯವರು ಹಿಮಕುಸಿತದ ಮುನ್ಸೂಚನೆ ಕೊಡುತ್ತಾರೆ, ಓದಿ ಹೊರಡಿ.

ಟ್ರಾನ್ಸೀವರ್ (ಹೂತವರನ್ನು ಹುಡುಕುವ ರೇಡಿಯೊ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ‘ಒಬ್ಬರ ಹತ್ತಿರ ಇದೆ’ ಅನ್ನಬೇಡ, ಹೂತುಹೋಗುವವರು ಅವರೇ ಆದರೆ? ನಮ್ಮ ಬೆಟದೂರಿನ ಸೈನಿಕ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದ. ಹೊರತೆಗೆದ ಮೇಲೂ ಉಳಿಯಲಿಲ್ಲ. ಅವನ ಜೊತೆಗಿದ್ದ ಒಂಬತ್ತು ಜನ ಹಿಮದಡಿಯೇ ಹೋಗಿದ್ದರು. ಸಾಮಾನ್ಯವಾಗಿ ಸಿಗುವುದು ಹತ್ತು, ಹದಿನೈದು ನಿಮಿಷ. ಅಷ್ಟರಲ್ಲಿ ಅಗೆಯಬೇಕಾದವರು ನಿನ್ನ ಗೆಳತಿಯರೇ, ಬೇರೆ ಯಾರೂ ಬಂದು ಮುಟ್ಟುವುದಿಲ್ಲ.

ಹೊರಡುವ ದಿನ ಎಷ್ಟು ಗಂಟೆಗೆ ಎದ್ದಿರಿ ಅಂತ ಮೆಸೇಜ್ ಹಾಕು. ಆರು ಅಂತ ಬಂದರೆ ಬೈಗುಳ ಗ್ಯಾರಂಟಿ.

ಪಾರ್ಸೆಲ್‌ನಲ್ಲಿ ಶೇಂಗಾ ಹೋಳಿಗೆ ಇದೆ. ಈ ಪತ್ರವನ್ನು ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ, ನಿಮ್ಮವ್ವನಿಗೆ ಗೊತ್ತಿಲ್ಲ.

ನಿನ್ನ ಅಪ್ಪ