ಎಂಡ್ ಕ್ರೆಡಿಟ್ಸ್ ಇಲ್ಲದ ನಮ್ಮ ಸಿನಿಮಾದ ಥ್ಯಾಂಕ್ಸ್ ಲಿಸ್ಟ್

ಅಂತೂ ಸಬ್ಮಿಟ್ ಮಾಡಿದೆವು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನಮ್ಮ ಮೀಡಿಯಾ ಸ್ಟಡೀಸ್ ಪ್ರಾಜೆಕ್ಟ್ ಅಂದರೆ ಒಂದು ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ಮಾಡುವುದು. ಅದರ ಮುಂದಿನ ಸಿನಿಮಾ ಯಾವತ್ತೂ ಬರುವುದಿಲ್ಲ. ಆದರೆ ಆ ಎರಡು ನಿಮಿಷದಲ್ಲೇ ಇದು ಯಾವ ಥರದ ಸಿನಿಮಾ, ಹೀರೋ ಯಾರು, ಹೀರೋಯಿನ್ ಯಾರು ಅಂತ ಗೊತ್ತಾಗಬೇಕು, ಟೈಟಲ್ ಕಾರ್ಡುಗಳೂ ಬಂದು ಹೋಗಬೇಕು. ನಾವು ಆರಿಸಿಕೊಂಡಿದ್ದು ಬಾಲಿವುಡ್ ಸ್ಟೈಲಿನ ಟೀನ್ ರೊಮ್ಯಾಂಟಿಕ್ ಕಾಮಿಡಿ. ಹೆಸರು ‘ಟ್ಯೂಷನ್‌ಗೆ ಲೇಟಾಯ್ತು’.

ಈಗ ವಿಷಯ ಏನಪ್ಪಾ ಅಂದರೆ, ಓಪನಿಂಗ್‌ನಲ್ಲಿ ಬರುವ ಹೆಸರುಗಳು ನಟರದ್ದು, ಸಂಗೀತದವರದ್ದು, ಎಡಿಟರ್, ಕ್ಯಾಮೆರಾ, ನಿರ್ಮಾಪಕರು, ಕೊನೆಗೆ ನಿರ್ದೇಶಕರು. ಪೈಪ್ ಹಿಡಿದವರು, ಕಾಫಿ ಕೊಟ್ಟವರು, ಗೇಟ್ ಮುಂದೆ ಜಾಗ ಬಿಟ್ಟವರು ಇವರೆಲ್ಲ ಸಿನಿಮಾ ಮುಗಿದ ಮೇಲೆ ಬರುತ್ತಾರೆ. ನಮ್ಮದು ಮುಗಿಯುವ ಸಿನಿಮಾನೇ ಅಲ್ಲವಲ್ಲ! ಅದಕ್ಕೇ ಅವರನ್ನೆಲ್ಲ ಇಲ್ಲಿ ಕೂರಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಹೆಸರು ಹಾಕುತ್ತಿಲ್ಲ, ಓದಿದರೆ ಅವರವರಿಗೆ ತಿಳಿಯುತ್ತದೆ.

ಕಥೆ ಇಷ್ಟೇ. ಹುಡುಗ ಟ್ಯೂಷನ್‌ಗೆ ಲೇಟಾಗಿ ಸೈಕಲ್ ತುಳಿದುಕೊಂಡು ಬರುತ್ತಾನೆ. ಹಿಂದಿ ಸಿನಿಮಾದಲ್ಲಿ ದುಪಟ್ಟಾ ಹಾರಿ ಬಂದು ಹೀರೋ ಮುಖದ ಮೇಲೆ ಬೀಳುತ್ತದೆ ಅಲ್ವಾ, ನಮ್ಮಲ್ಲಿ ಅವಳ ಐಡಿ ಕಾರ್ಡಿನ ಟ್ಯಾಗ್ ಅವನ ಸೈಕಲ್ ಬ್ರೇಕಿಗೆ ಸಿಕ್ಕಿಕೊಳ್ಳುತ್ತದೆ. ತಕ್ಷಣ ಹಾಡು, ಮಳೆ, ಬೀದಿಯವರದ್ದೆಲ್ಲ ಡ್ಯಾನ್ಸ್. ಟ್ಯೂಷನ್ ಸರ್ ಕಿಟಕಿಯಿಂದ ‘ಒಳಗೆ ಬರ್ತೀರೋ ಇಲ್ವೋ’ ಅಂತ ಕೂಗಿದ ಕೂಡಲೇ ಎಲ್ಲ ಮಾಯ. ಮಳೆಯೂ ಇಲ್ಲ, ಡ್ಯಾನ್ಸರ್‌ಗಳೂ ಇಲ್ಲ, ಟ್ಯಾಗ್ ಮಾತ್ರ ಇನ್ನೂ ಸಿಕ್ಕಿಕೊಂಡೇ ಇದೆ. ಅಲ್ಲಿ ಟೈಟಲ್.

ಮೊದಲ ಥ್ಯಾಂಕ್ಸ್ ಅಜ್ಜಿಗೆ. ಬಾಲಿವುಡ್ ಅಂದಾಗ ಮನೆಯಲ್ಲಿ ಕಣ್ಣರಳಿಸಿದ್ದು ಅವರೊಬ್ಬರೇ. ತಾತ ‘ಮಳೆ, ಪ್ರೀತಿ ಅಂದ್ರೆ 2006ರಲ್ಲೇ ಮುಂಗಾರು ಮಳೆ ಬಂದಿಲ್ವೇನ್ರಪ್ಪಾ, ಬೊಂಬಾಯಿ ಯಾಕೆ ಬೇಕು ನಿಮಗೆ’ ಅಂತ ಸಿಡುಕಿದರು. (ತಾತ, ಡೈಲಾಗ್ ಎಲ್ಲ ಕನ್ನಡವೇ ಅಂತ ಗೊತ್ತಾದ ಮೇಲೆ ನೀವೇ ಟ್ಯೂಷನ್ ಸರ್ ಪಾತ್ರ ಕೇಳಿ ತಗೊಂಡಿರಿ. ನಿಮ್ಮ ಹೆಸರು ಟೈಟಲ್ ಕಾರ್ಡಿನಲ್ಲೇ ಇದೆ, ಹಾಗಾಗಿ ಇಲ್ಲಿ ಥ್ಯಾಂಕ್ಸ್ ಇಲ್ಲ.) ಅಜ್ಜಿ ಕಾಲೇಜಿನ ದಿನಗಳಲ್ಲಿ ಮೆಜೆಸ್ಟಿಕ್ ಕಡೆಯ ಥಿಯೇಟರಿನಲ್ಲಿ ‘ಬಾಬಿ’ ನೋಡಿದ್ದರಂತೆ. 1973ರ ಸಿನಿಮಾ, ರಾಜ್ ಕಪೂರ್ ಮಾಡಿದ್ದು, ಡಿಂಪಲ್ ಕಪಾಡಿಯಾಗೆ ಅದೇ ಮೊದಲನೆಯದು. ಹಿಂದಿಯ ಟೀನೇಜ್ ಲವ್ ಸ್ಟೋರಿಗಳೆಲ್ಲ ಒಂದು ಲೆಕ್ಕದಲ್ಲಿ ಅದರ ಮೊಮ್ಮಕ್ಕಳೇ. ಅದರಲ್ಲಿ ಡಿಂಪಲ್ ಹಾಕಿದ್ದ ಚುಕ್ಕಿ ಚುಕ್ಕಿ ಬ್ಲೌಸ್ ಆಗ ಎಲ್ಲೆಲ್ಲೂ ಫ್ಯಾಷನ್ ಆಯಿತು. ಅಜ್ಜಿಯೂ ಅಂಥದ್ದೇ ಬಟ್ಟೆ ತಂದಿದ್ದರು, ಅವರಪ್ಪ ಹೊಲಿಸಲು ಬಿಡಲಿಲ್ಲ. ನಮ್ಮ ಹೀರೋಯಿನ್ ಕುರ್ತಾದ ಮೇಲೆ ಬಿಳಿ ಚುಕ್ಕಿ ಇರುವುದು ಅದಕ್ಕೇ. ಚಿಕ್ಕಪೇಟೆಗೆ ಅಜ್ಜಿಯೇ ಬಂದು ಬಟ್ಟೆ ಆರಿಸಿದರು, ಮಂಡಿ ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಮದುವೆ ಸೀಸನ್ನಿನ ಬ್ಲೌಸುಗಳ ರಾಶಿ ಮಧ್ಯೆ ಅದನ್ನು ಹೊಲಿದುಕೊಟ್ಟ ಟೈಲರ್ ಅಂಕಲ್, ನಿಮಗೂ ಥ್ಯಾಂಕ್ಸ್. ಫಿಟಿಂಗ್ ಸೂಪರ್.

ಶೂಟಿಂಗ್ ದಿನ ಬೆಳಿಗ್ಗೆ ಒಂದು ಕೆಫೆಯವರು ಕೈಕೊಟ್ಟರು. ಮೊದಲೇ ಒಪ್ಪಿಕೊಂಡಿದ್ದವರು, ಟ್ರೈಪಾಡ್ ನೋಡಿ ಮುಖ ಸಿಂಡರಿಸಿ ‘ಆಗಲ್ಲ’ ಅಂದುಬಿಟ್ಟರು. ಮೆಟ್ರೋ ಸ್ಟೇಷನ್, ಕಬ್ಬನ್ ಪಾರ್ಕ್ ಎಲ್ಲದಕ್ಕೂ ಪರ್ಮಿಷನ್ ಬೇಕು, ಅದು ಆ ದಿನಕ್ಕೆ ಆಗುವ ಮಾತಲ್ಲ. ಆಗ ನಮ್ಮ ರಸ್ತೆ ಕೊನೆಯ ದರ್ಶಿನಿಯವರು ‘ಮೂರು ಗಂಟೆಯಿಂದ ನಾಲ್ಕರವರೆಗೆ ಜನ ಕಮ್ಮಿ, ಕೌಂಟರ್‌ಗೆ ಅಡ್ಡ ನಿಲ್ಬೇಡಿ, ಅಷ್ಟೇ’ ಅಂದರು. ನನ್ನ ಕೇಳಿದರೆ ಕೆಫೆಯವರು ಕೈಕೊಟ್ಟಿದ್ದೇ ಒಳ್ಳೆಯದಾಯಿತು. ಹೀರೋ ಮತ್ತು ಅವನ ಗೆಳೆಯ ನಿಂತುಕೊಂಡು ಬೈಟು ಕಾಫಿ ಕುಡಿಯುತ್ತಾರೆ, ಕಾಸು ಎಣಿಸುತ್ತಾರೆ, ಗಡಿಯಾರ ನೋಡುತ್ತಾರೆ. ಅವನು ಎಂಥ ಹುಡುಗ ಅನ್ನುವುದಕ್ಕೆ ಬೇರೆ ಡೈಲಾಗೇ ಬೇಕಾಗಲಿಲ್ಲ. ಕೆಫೆಯ ಸೋಫಾದಲ್ಲಿ ಇದೆಲ್ಲಿ ಬರುತ್ತಿತ್ತು? ಕಾಫಿ ಆರಿದರೆ ಹಬೆ ಕಾಣುವುದಿಲ್ಲ ಅಂತ ಪ್ರತಿ ಟೇಕಿಗೂ ಹೊಸದಾಗಿ ಕಾಫಿ ಹಾಕಿಕೊಟ್ಟ ಅಣ್ಣ, ದುಡ್ಡು ಬೇಡ ಅಂದಿರಿ, ಸರಿ, ಥ್ಯಾಂಕ್ಸ್ ಆದರೂ ತಗೊಳ್ಳಿ.

ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಅಣ್ಣನ ಬಗ್ಗೆ ಬರೆಯಲು ಹೊರಟರೆ ಇದು ಮುಗಿಯುವುದಿಲ್ಲ. ದರ್ಶಿನಿಯ ಟ್ಯೂಬ್‌ಲೈಟ್ ಕೆಳಗೆ ನಮ್ಮ ಕ್ಯಾಮೆರಾದಲ್ಲಿ ಚಿತ್ರ ಪಟಪಟ ಮಿನುಗುತ್ತಿತ್ತು. ಫೋನ್ ಮಾಡಿದರೆ ಅರ್ಧ ವಾಕ್ಯಕ್ಕೇ ಅವರಿಗೆ ಅರ್ಥವಾಯಿತು. ‘ನಮ್ಮ ಕರೆಂಟ್ 50 ಹರ್ಟ್ಸ್ ಕಣಮ್ಮ, ಟ್ಯೂಬ್‌ಲೈಟ್ ಅದರ ತಾಳಕ್ಕೇ ಮಿನುಗೋದು, ಶಟರ್ ಸ್ಪೀಡ್ 1/50 ಇಲ್ಲಾ 1/100 ಸೆಕೆಂಡ್ ಇಡು’ ಅಂದರು, ಇಟ್ಟೆವು, ಮಿನುಗು ನಿಂತಿತು. ಸಂಜೆ ಅವರೇ ದೊಡ್ಡ ಬಿಳಿ ಥರ್ಮಾಕೋಲ್ ಶೀಟ್ ಸ್ಕೂಟರ್ ಹಿಂದೆ ಹಿಡಿಸಿಕೊಂಡು ಬಂದರು. ಅದರಿಂದ ಬೆಳಕು ತಿರುಗಿಸಿ ಮುಖಕ್ಕೆ ಬಿಟ್ಟರೆ ಸಾವಿರಾರು ರೂಪಾಯಿ ಲೈಟ್ ಯಾಕೆ ಬೇಕು?

ಸ್ಲೋ ಮೋಷನ್ ಹಾಡಿನ ಗುಟ್ಟು ಕಲಿಸಿದ್ದೂ ಅವರೇ. ಇದನ್ನು ಬಿಡಿಸಿ ಹೇಳುತ್ತೇನೆ, ಮುಂದಿನ ಬ್ಯಾಚಿನವರಿಗೆ ಬೇಕಾಗುತ್ತದೆ. ಹೀರೋ ನಿಧಾನಕ್ಕೆ ತಿರುಗಬೇಕು, ಕೂದಲು ನಿಧಾನಕ್ಕೆ ಹಾರಬೇಕು, ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರಬೇಕು. ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದು 25ರಲ್ಲಿ ಓಡಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ, ತುಟಿಯೂ ಸೇರಿ. ಹಾಗಾಗಿ ಶೂಟ್ ಮಾಡುವಾಗ ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ಸ್ಪೀಡಿನಲ್ಲಿ ಹಾಕಬೇಕು, ನಟರು ಆ ಸ್ಪೀಡಿಗೇ ತುಟಿ ಆಡಿಸಬೇಕು. ಪರದೆ ಮೇಲೆ ನಮ್ಮ ಹೀರೋ ಕನಸಿನಲ್ಲಿ ತೇಲುತ್ತಿದ್ದಾನೆ. ಅವತ್ತು ಬೀದಿಯಲ್ಲಿ ಮಾತ್ರ ಕೀಚಲು ದನಿಯ ಹಾಡಿಗೆ ಬಾಯಿ ಬಡಬಡ ಆಡಿಸುತ್ತಿದ್ದ, ಎದುರು ಮನೆ ಮಕ್ಕಳು ಗೇಟ್ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟೆಲ್ಲ ಮರ್ಯಾದೆ ಹೋದರೂ ಮುಖ ಸಡಿಲಿಸದೆ ನಿಂತ ಗೆಳೆಯಾ, ನೀನು ಗ್ರೇಟ್ ಕಣೋ.

ಹಾಡು ನಮ್ಮದೇ. ಕಾಪಿರೈಟ್ ಇರುವುದರಿಂದ ಸಿನಿಮಾ ಹಾಡು ಹಾಕುವ ಹಾಗಿರಲಿಲ್ಲ. ಸೀನಿಯರ್ ಅಕ್ಕ ಟ್ಯೂನ್ ಮಾಡಿ, ಅವರ ಮನೆಯ ಬೀರುವಿನ ಬಾಗಿಲು ತೆರೆದು ಸೀರೆ, ಕಂಬಳಿಗಳ ಮಧ್ಯೆ ತಲೆಯಿಟ್ಟು ಹಾಡಿದರು. ಬಟ್ಟೆಗಳು ಸದ್ದಿನ ಪ್ರತಿಧ್ವನಿ ಹೀರಿಕೊಳ್ಳುವುದರಿಂದ ರೆಕಾರ್ಡಿಂಗ್ ಎಷ್ಟು ಚೆನ್ನಾಗಿ ಬಂತು ಅಂದರೆ, ಯಾವ ಸ್ಟುಡಿಯೋ ಅಂತ ಮೇಡಂ ಕೇಳಿದರು. ಮೈಕಿನ ವೈರು ಎಸ್.ಪಿ. ರೋಡಿನದ್ದು. ಆ ಅಂಗಡಿಯಲ್ಲಿ ಹುಡುಕಿಕೊಟ್ಟ ಹುಡುಗನಿಗೂ ಥ್ಯಾಂಕ್ಸ್.

ಮಳೆ. ಇದಕ್ಕೆ ಮಾತ್ರ ನಾವೆಲ್ಲ ಹೆದರಿದ್ದೆವು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಊರು ಇದು. ಇಲ್ಲಿ ಸಿನಿಮಾಗೆ ಮಳೆ ಸುರಿಸುತ್ತೇವೆ ಅಂದರೆ ಯಾರಾದರೂ ಬೈಯುವುದೇ. ಬೈಯಬೇಕಾದ್ದೂ ಹೌದು. ಮೂಲೆ ಮನೆ ಮಾಮ ತಮ್ಮ ಮಳೆನೀರು ಸಂಪಿನ ನೀರು ಕೊಟ್ಟರು. ಪ್ಲಂಬರ್ ಅಂಕಲ್ ಒಂದು ಪಿವಿಸಿ ಪೈಪಿಗೆ ಸಾಲಾಗಿ ತೂತು ಕೊರೆದು, ಫ್ರೇಮ್ ಎಷ್ಟಿದೆಯೋ ಅಷ್ಟಗಲಕ್ಕೆ ಮಾತ್ರ ಮಳೆ ಮಾಡಿಕೊಟ್ಟರು. ಫ್ರೇಮಿನ ಆಚೆ ಒಂದಡಿಗೆ ನೆಲ ಒಣಗಿಯೇ ಇತ್ತು! ಆದರೂ ಕ್ಯಾಮೆರಾದಲ್ಲಿ ಮಳೆಯೇ ಕಾಣಲಿಲ್ಲ. ಹನಿ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕಂತೆ. ಕತ್ತಲಾಗುವವರೆಗೆ ಕಾದು, ತರಕಾರಿ ಅಣ್ಣನ ಟಾಟಾ ಏಸ್ ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿ ಹೆಡ್‌ಲೈಟ್ ಹಾಕಿಸಿದೆವು. ಒಂದೊಂದು ಹನಿಯೂ ಹೊಳೆಯಿತು. ಅಣ್ಣ, ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಬೇಕಾದವರು ನೀವು, ನಮಗಾಗಿ ಅಷ್ಟು ಹೊತ್ತಿನವರೆಗೆ ಕೂತಿದ್ದಿರಿ.

ಡ್ಯಾನ್ಸಿಗೆ ಬಂದ ವಾಕಿಂಗ್ ಗ್ರೂಪಿನ ಆಂಟಿಯರೇ, ನಿಮ್ಮದೇ ಹವಾ. ಸುಮ್ನೆ ಹಿಂದೆ ನಿಂತು ಕೈ ಆಡಿಸಿ ಸಾಕು ಅಂದರೆ ನೀವು ಸ್ಟೆಪ್ ಕಲಿತು, ರಿಹರ್ಸಲ್ ಮಾಡಿ, ನಮ್ಮನ್ನೇ ತಿದ್ದಿದಿರಿ. ಮೊದಲ ಸಾಲಿನಲ್ಲಿ ಯಾರು ನಿಲ್ಲಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ ಅಂತ ಕೇಳಿದೆ.

ಟೈಟಲ್ ಬರೆದುಕೊಟ್ಟ ಬೋರ್ಡ್ ಅಂಕಲ್ ಮೊದಲು ಗಾಂಧಿನಗರದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು, ಗಾಡಿ ನಂಬರು. ಹಿಂದಿ ಸಿನಿಮಾಗಳಲ್ಲಿ ಹೆಸರನ್ನು ಹಿಂದಿ, ಉರ್ದು, ಇಂಗ್ಲಿಷ್ ಮೂರು ಲಿಪಿಯಲ್ಲಿ ಹಾಕುವ ಹಳೆಯ ಪದ್ಧತಿ ಇದೆ, ನಮಗೂ ಹಾಗೆ ಮೂರು ಲಿಪಿ ಬೇಕಿತ್ತು, ಅದರಲ್ಲಿ ಒಂದು ಕನ್ನಡ. ಅವರು ಕನ್ನಡವನ್ನು ದೊಡ್ಡದಾಗಿ ಕೆಂಪು ಹಳದಿಯಲ್ಲಿ ನೆರಳು ಕೊಟ್ಟು ಬರೆದರು, ಉಳಿದ ಎರಡನ್ನು ಕೆಳಗೆ ಚಿಕ್ಕದಾಗಿ. ಯಾಕೆ ಅಂತ ನಾವೂ ಕೇಳಲಿಲ್ಲ.

ಮೇಡಂ, ಮೊದಲ ಎಡಿಟ್ ನೋಡಿ ‘ಹಾಡು ಚೆನ್ನಾಗಿದೆ, ನಗು ಎಲ್ಲಿ?’ ಅಂದಿರಿ. ಆ ಒಂದು ಮಾತಿಗೆ ನಾವು ಪ್ರೀತಿಯಿಂದ ತೆಗೆದ ಸೂರ್ಯಾಸ್ತ, ಚಿಗುರಿದ ಹೊಂಗೆ ಮರ, ಪಾರಿವಾಳ ಎಲ್ಲ ಹೋದವು. ಅವತ್ತು ನಿಮ್ಮ ಮೇಲೆ ಕೋಪ ಇತ್ತು, ಈಗಿಲ್ಲ.

ಅಪ್ಪ, ಅಮ್ಮ, ಎಕ್ಸಾಮ್ ಹತ್ತಿರ ಇದ್ದರೂ ಬೈಯದೆ ಇದ್ದದ್ದಕ್ಕೆ ಥ್ಯಾಂಕ್ಸ್. ಸರಿ, ಜಾಸ್ತಿ ಬೈಯದೆ ಇದ್ದದ್ದಕ್ಕೆ.

ಇನ್ನೊಂದು ವಿಷಯ. ಮಳೆ ಸೀನಿಗೆ ಬೀದಿಯಲ್ಲೆಲ್ಲ ಕೇಳಿ ತಂದ ಛತ್ರಿಗಳಲ್ಲಿ ಒಂದು ನಮ್ಮ ಮನೆಯಲ್ಲೇ ಉಳಿದಿದೆ. ನೀಲಿ ಬಣ್ಣ, ಮರದ ಹಿಡಿ, ಒಂದು ಕಡ್ಡಿ ಬಾಗಿದೆ (ಅದು ಮೊದಲೇ ಬಾಗಿತ್ತು, ಫುಟೇಜ್ ಇದೆ). ಯಾರದ್ದಾದರೂ ಬಂದು ತಗೊಂಡು ಹೋಗಿ. ಅಜ್ಜಿ ಕಾಫಿ ಕೊಡುತ್ತಾರೆ, ಲ್ಯಾಪ್‌ಟಾಪಿನಲ್ಲಿ ಎರಡು ನಿಮಿಷ ಸಿನಿಮಾನೂ ನೋಡಬಹುದು.