ಗಾಜಿನ ಪೆಟ್ಟಿಗೆಗಿಂತ ಮೊದಲು ಕಿಟಕಿ ನೋಡಿ

ಮಾನ್ಯರೇ,

ಬ್ರಿಟನ್ನಿನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಕನ್ನಡಿಗರು ಲಂಡನ್ನಿನ ದೊಡ್ಡ ಮ್ಯೂಸಿಯಂಗಳನ್ನು ತಪ್ಪದೆ ನೋಡುತ್ತಾರೆ. ಆದರೆ ಅಲ್ಲಿನ ಸಣ್ಣ ಊರುಗಳಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ (1837–1901) ಮನೆಗಳಲ್ಲೇ ಇರುವ ಸ್ಥಳೀಯ ಇತಿಹಾಸದ ಮ್ಯೂಸಿಯಂಗಳಿಗೆ ಹೋದವರು ಹಳೇ ಕುರ್ಚಿ, ಹಳೇ ಪಿಂಗಾಣಿ ಎಂದು ಅರ್ಧ ಗಂಟೆಯಲ್ಲಿ ಹೊರಬಂದುಬಿಡುತ್ತಾರೆ. ಅಲ್ಲಿ ಮೊದಲು ನೋಡಬೇಕಾದದ್ದು ಆ ಮನೆಯನ್ನೇ. ಅದಕ್ಕೊಂದು ಕ್ರಮವಿದೆ.

ಒಳಗೆ ಕಾಲಿಡುವ ಮುನ್ನ ರಸ್ತೆಯಲ್ಲೇ ನಿಂತು ಕಿಟಕಿಗಳನ್ನು ನೋಡಿ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾದವು. ಅದಕ್ಕೆ ಮುಂಚಿನ, ಮೇಲೊಂದು ಕೆಳಗೊಂದು ಗಾಜಿನ ಚೌಕಟ್ಟು ಸರಿಯುವ ಕಿಟಕಿಗಳಲ್ಲಿ ಸಾಮಾನ್ಯವಾಗಿ ಒಂದೊಂದು ಚೌಕಟ್ಟಿಗೆ ಆರಾರು ಸಣ್ಣ ಗಾಜು. ಆಮೇಲೆ ದೊಡ್ಡ ಗಾಜು ಅಗ್ಗವಾದಂತೆ ಅದು ಎರಡಕ್ಕೆ, ಕೊನೆಗೆ ಒಂದಕ್ಕೆ ಇಳಿಯಿತು. ದೊಡ್ಡ ಗಾಜು ಭಾರ, ನಡುವೆ ಆಸರೆಯ ಪಟ್ಟಿಗಳೂ ಇಲ್ಲ. ಮೂಲೆಯ ಕೀಲು ಬಿಟ್ಟುಕೊಳ್ಳದಿರಲೆಂದು ಮೇಲಿನ ಚೌಕಟ್ಟಿನ ಕೆಳಮೂಲೆಗಳಲ್ಲಿ ಮರವನ್ನು ಸ್ವಲ್ಪ ಉದ್ದಕ್ಕೆ ಬಿಡುತ್ತಿದ್ದರು. ಆ ಪುಟ್ಟ ಕೊಂಬು ಕಂಡರೆ ಕಿಟಕಿ ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ್ದು ಅಥವಾ ಅದರ ನಂತರದ್ದು. ಹಿತ್ತಿಲ ಕಡೆಗೂ ಹೋಗಿ ನೋಡಿ. ಹೊಸ ಕಿಟಕಿಯ ಖರ್ಚು ಎಷ್ಟೋ ಸಲ ಬೀದಿಗೆ ಕಾಣುವ ಮುಖಕ್ಕಷ್ಟೇ ಸೀಮಿತವಾಗಿ, ಹಿಂದೆ ಹಳೆಯದೇ ಉಳಿದಿರುತ್ತದೆ.

ಮೇಲೆ ಕೆಳಗೆ ಸರಿಯುವ ಈ ಕಿಟಕಿಗಳಲ್ಲಿ ಗೋಡೆಗೆ ಸೇರಿದ ಪಕ್ಕದ ಹೊರಚೌಕಟ್ಟು ಪೊಳ್ಳು. ಅದರೊಳಗೆ ಎರಕದ ಕಬ್ಬಿಣದ ತೂಕಗಳು ರಾಟೆಯ ಮೇಲಿಂದ ಬಂದ ಹಗ್ಗಕ್ಕೆ ನೇತಾಡುತ್ತವೆ. ಮೇಲಿನ ಚೌಕಟ್ಟಿಗೆ ತೂಕ ತುಸು ಹೆಚ್ಚು, ಅದು ಜಾರದಿರಲು. ಕೆಳಗಿನದಕ್ಕೆ ತುಸು ಕಡಿಮೆ, ಅದು ಮುಚ್ಚಿಕೊಂಡೇ ಇರಲು. ಪದರದ ಮೇಲೆ ಪದರ ಬಣ್ಣ ಬಳಿದರೆ ಇಡೀ ಕಿಟಕಿ ಅಂಟಿಕೊಳ್ಳುತ್ತದೆ. ಒಡೆದ ಗಾಜಿನ ಜಾಗಕ್ಕೆ ದಪ್ಪ ಗಾಜು ಹಾಕಿದರೆ ತೂಕದ ಲೆಕ್ಕ ತಪ್ಪುತ್ತದೆ. ಕಿಟಕಿ ತೆರೆಯದ ಮನೆಯಲ್ಲಿ ಗೋಡೆ ಥಂಡಿ ಹಿಡಿಯುತ್ತದೆ. ಗೋಡೆಯ ಇಟ್ಟಿಗೆಗಳ ಮುಖ ಚಕ್ಕೆಯೆದ್ದು ಉದುರಿದ್ದರೆ ಸಂದುಗಳನ್ನು ಗಮನಿಸಿ. ಸುಣ್ಣದ ಗಾರೆಯ ಜಾಗದಲ್ಲಿ ಸಿಮೆಂಟ್ ತುಂಬಿರುವ ಸಂಭವವೇ ಹೆಚ್ಚು. ಸುಣ್ಣದ ಮೂಲಕ ಹೊರಹೋಗುತ್ತಿದ್ದ ತೇವ ಇಟ್ಟಿಗೆಯಲ್ಲೇ ಸಿಕ್ಕಿಕೊಂಡು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಅದನ್ನು ಸೀಳುತ್ತದೆ.

ಒಳಗೆ ಕತ್ತಲು ಎಂಬ ದೂರು ಬಹಳ. ಬಟ್ಟೆ, ಜಲವರ್ಣ ಚಿತ್ರ, ಹಳೆಯ ಫೋಟೊಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಗಳಿಗೆ ಸುಮಾರು 200 ಲಕ್ಸ್ ಬೆಳಕು ಎಂಬುದು ಮ್ಯೂಸಿಯಂಗಳ ರೂಢಿ. ಬೆಳಕಿನ ಹಾನಿ ಕೂಡುತ್ತಲೇ ಹೋಗುತ್ತದೆ: 50 ಲಕ್ಸ್‌ನಲ್ಲಿ 8 ಗಂಟೆಯೂ 400 ಲಕ್ಸ್‌ನಲ್ಲಿ 1 ಗಂಟೆಯೂ ಒಂದೇ ಲೆಕ್ಕ. ಮಾಸಿದ ಬಣ್ಣ ಮರಳುವುದಿಲ್ಲ. ಬಾಗಿಲಲ್ಲಿ ಎರಡು ಮೂರು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಬೆನ್ನಿನ ಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳಿ. ಇಕ್ಕಟ್ಟಿನಲ್ಲಿ ತಿರುಗುವಾಗ ಪಿಂಗಾಣಿ ಬೀಳುವುದು ಅದರಿಂದಲೇ. ಚೂಪು ಹಿಮ್ಮಡಿಯ ಚಪ್ಪಲಿ ಬೇಡ, ಮೈಭಾರವೆಲ್ಲ ಒಂದು ಚುಕ್ಕೆಯ ಮೇಲೆ ಬಿದ್ದು ಮರದ ನೆಲಕ್ಕೆ ಕುಳಿ ಬೀಳುತ್ತದೆ. ಹಸಿರು ಗೋಡೆಕಾಗದವನ್ನಂತೂ ಮುಟ್ಟಲೇಬೇಡಿ. ಆ ಕಾಲದ ಗಾಢ ಹಸಿರು ಬಣ್ಣಗಳು ಅನೇಕ ಸಲ ಆರ್ಸೆನಿಕ್‌ನಿಂದ ಮಾಡಿದವು.

ಇನ್ನು ಮುಖ್ಯ ವಿಷಯ. ಮಾರ್ಗದರ್ಶಕರು ಬಹುಪಾಲು ಸಮಯವನ್ನು ದಿವಾನಖಾನೆಯಲ್ಲೇ ಕಳೆಯುತ್ತಾರೆ. ಆದರೆ ಮನೆ ನಡೆಯುತ್ತಿದ್ದದ್ದು ಹಿಂದಿನ ಅಡುಗೆಮನೆ, ಪಾತ್ರೆ ತೊಳೆಯುವ ಕೋಣೆ, ಕಲ್ಲಿದ್ದಲ ಉಗ್ರಾಣಗಳಿಂದ. ಯಜಮಾನರ ಮೆಟ್ಟಿಲು ಅಗಲ, ಅದಕ್ಕೆ ಕಂಬಳಿ ಹಾಸು. ಕೆಲಸದವರ ಮೆಟ್ಟಿಲು ಕಡಿದು, ಕಿರಿದು, ಬರೀ ಹಲಗೆ. ಕಲ್ಲಿದ್ದಲ ಬಕೆಟ್ಟು, ಬಿಸಿನೀರು, ಬೂದಿ ಎಲ್ಲವೂ ಹತ್ತಿ ಇಳಿದದ್ದು ಅದರ ಮೇಲೆ. ಅಡುಗೆಮನೆಯ ಓಣಿಯಲ್ಲಿ ಸಾಲು ಗಂಟೆಗಳಿದ್ದರೆ ಅವುಗಳ ತಂತಿ ಯಾವ ಕಡೆ ಹೋಗಿದೆ ಎಂದು ಕಣ್ಣು ಹಾಯಿಸಿ. ಒಂದೊಂದು ಕೋಣೆಗೆ ಒಂದೊಂದು ಗಂಟೆ. ಸುರುಳಿ ಸ್ಪ್ರಿಂಗಿನ ಮೇಲೆ ಕೂರಿಸಿದ್ದರಿಂದ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಅಲುಗಾಡುತ್ತಿತ್ತು. ಕೈಕೆಲಸ ಬಿಟ್ಟು ಓಡಿಬಂದವಳಿಗೆ ಕರೆದದ್ದು ಯಾವ ಕೋಣೆಯಿಂದ ಎಂಬುದು ಆ ಅಲುಗಾಟದಿಂದ ತಿಳಿಯುತ್ತಿತ್ತು.

ಅವಳ ಹೆಸರನ್ನೂ ಕೇಳಿ. ಹೆಸರು ಸಿಗುತ್ತದೆ! ಬ್ರಿಟನ್ನಿನ ಜನಗಣತಿ 1841ರಿಂದ ಮನೆಯಲ್ಲಿದ್ದವರ ಹೆಸರು, ವಯಸ್ಸು, ಕಸುಬುಗಳನ್ನು ದಾಖಲಿಸಿದೆ. 1851ರಿಂದ ಯಜಮಾನನಿಗೆ ಏನಾಗಬೇಕು, ಹುಟ್ಟಿದ್ದು ಯಾವ ಊರಲ್ಲಿ ಎಂಬುದೂ ಇದೆ. ‘ಈ ಮನೆಯ 1881ರ ಗಣತಿ ಹಾಳೆ ಇದೆಯೇ’ ಎಂದು ಕೇಳಿದರೆ, ಒಳ್ಳೆಯ ಮ್ಯೂಸಿಯಂ ಸಂತೋಷದಿಂದ ತೆಗೆದು ತೋರಿಸುತ್ತದೆ. ಗಣತಿಯನ್ನು ಗೋಡೆಗೆ ಹಾಕದೆ ಯಜಮಾನನ ಭಾವಚಿತ್ರವನ್ನಷ್ಟೇ ತೂಗುಹಾಕಿದ ಮನೆಯಲ್ಲಿ ಊರಿನ ಇತಿಹಾಸ ಅರ್ಧವೇ ಇದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೋಣೆಯಲ್ಲಿರುವುದೆಲ್ಲ ಆ ಮನೆಯದೇ ಎಂದು ನಂಬಬೇಡಿ. ಹೆಚ್ಚಿನವು ಊರವರು ಕೊಟ್ಟ ದಾನ. ವಸ್ತುವಿನ ಮೇಲೆ 1974.12.3 ಎಂಬಂಥ ಸಂಖ್ಯೆ ಇದ್ದರೆ, ಸಾಮಾನ್ಯವಾಗಿ 1974ರಲ್ಲಿ ಬಂದ 12ನೇ ಕೊಡುಗೆಯ 3ನೇ ವಸ್ತು ಎಂದರ್ಥ. ಲಂಡನ್ನಿನ 18, ಸ್ಟ್ಯಾಫರ್ಡ್ ಟೆರೇಸ್‌ನಲ್ಲಿರುವ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ ಅವರ ಮನೆಯಲ್ಲಿ ಮಾತ್ರ ಕುಟುಂಬದ ಸಾಮಾನು ಬಹುಪಾಲು ಇದ್ದಂತೆಯೇ ಉಳಿದಿದೆ, ಅಂಥವು ಅಪರೂಪ. ಬಣ್ಣ ಕೆರೆದು ಬರೀ ಮರ ಕಾಣುವಂತೆ ಮಾಡಿದ ಪೈನ್ ಬಾಗಿಲುಗಳು 20ನೇ ಶತಮಾನದ ಫ್ಯಾಷನ್. ವಿಕ್ಟೋರಿಯಾ ಕಾಲದವರು ಪೈನ್‌ಗೆ ಬಣ್ಣ ಬಳಿಯುತ್ತಿದ್ದರು, ಇಲ್ಲವೇ ಓಕ್‌ನ ಎಳೆಗಳನ್ನು ಅದರ ಮೇಲೆ ಬರೆಯುತ್ತಿದ್ದರು.

ಇಂಥ ಮ್ಯೂಸಿಯಂಗಳನ್ನು ಹೆಚ್ಚಾಗಿ ಸ್ವಯಂಸೇವಕರು ನಡೆಸುತ್ತಾರೆ. ವಾರದಲ್ಲಿ ಕೆಲವೇ ದಿನ ತೆರೆದಿರುತ್ತವೆ, ಚಳಿಗಾಲದಲ್ಲಿ ಮುಚ್ಚುವುದೂ ಉಂಟು. ಆದ್ದರಿಂದ ಮೊದಲೇ ವಿಚಾರಿಸಿ ಹೊರಡಿ. ಲಿಫ್ಟ್ ಇರುವುದು ಕಡಿಮೆ. ಮಂಡಿನೋವಿರುವ ಹಿರಿಯರು ಮೇಲಿನ ಕೋಣೆಗಳ ಫೋಟೊ ಆಲ್ಬಂ ಇದೆಯೇ ಎಂದು ಬಾಗಿಲಲ್ಲೇ ಕೇಳಬಹುದು. ಹಲವು ಕಡೆ ಇಟ್ಟಿರುತ್ತಾರೆ.

– ಹಳೆಯ ಮನೆಗಳ ಸಂರಕ್ಷಣೆಯಲ್ಲಿ ಆಸಕ್ತರಾದ ಓದುಗರು